ಪರದೆಯ ಹಿಂದಿನ ಅಳತೆ

ಗದಗಿನಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕಸುಬು. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೊಲಿದುಕೊಡುವುದೂ ಈಗ ಅದರಲ್ಲಿ ಸೇರಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಿಂದಲೋ ಬೆಂಗಳೂರಿನ ಕಿದ್ವಾಯಿಯಿಂದಲೋ ಮನೆಗೆ ಬಂದವರು ಮದುವೆಗೆ, ಸಂಘದ ಸಭೆಗೆ ಹೋಗದಿರಲು ನೂರು ನೆಪ ಹೇಳುತ್ತಾರೆ. ಕೆದಕಿ ಕೇಳಿದರೆ ಅರ್ಧ ಕಾರಣ ಬ್ಲೌಸೇ ಆಗಿರುತ್ತದೆ.

ಮೊದಲ ಕೆಲವು ವಾರ ಕೈ ಮೇಲೆತ್ತಲು ಆಗುವುದಿಲ್ಲ. ಹಾಗಾಗಿ ಹುಕ್ಕು ಮುಂದೆಯೇ ಇರಬೇಕು, ಕಂಕುಳು ಸಡಿಲವಾಗಿರಬೇಕು, ಗಾಯದ ಮೇಲೆ ಯಾವ ಹೊಲಿಗೆಯೂ ಹಾಯಬಾರದು. ಗಾಯದ ನೀರು ಇಳಿಯುವ ನಳಿಕೆಯೊಂದಿಗೇ ಮನೆಗೆ ಬಂದವರಿಗೆ ಅದರ ಡಬ್ಬಿ ಕೂರುವಂತೆ ಒಳಗೆ ಜೇಬು ಇಡುತ್ತೇನೆ. ವಿಕಿರಣ ಚಿಕಿತ್ಸೆ ನಡೆಯುವಾಗ ಚರ್ಮಕ್ಕೆ ಉಜ್ಜುವ ಇಲಾಸ್ಟಿಕ್, ಲೇಸು ಬೇಡವೇ ಬೇಡ; ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಗಿಂತ ಒಳ್ಳೆಯ ಬಟ್ಟೆ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಗಾಯ ಪೂರ್ತಿ ಮಾಗಿ, ವೈದ್ಯರು ಸರಿ ಎಂದ ಮೇಲೆ ತೆಗೆದ ಸ್ತನದ ಜಾಗಕ್ಕೆ ತೂಕದ ಮೆತ್ತೆ. ಬರೀ ಹತ್ತಿ ತುಂಬಿದರೆ ಎರಡು ಸಲ ಒಗೆಯುವಷ್ಟರಲ್ಲಿ ಗಂಟುಗಟ್ಟುತ್ತದೆ, ಹಗುರವಾದ್ದರಿಂದ ಕೈ ಎತ್ತಿದಾಗ ಮೇಲಕ್ಕೆ ಸರಿಯುತ್ತದೆ. ತೂಕ ಒಂದೇ ಬದಿಗಿದ್ದರೆ ಭುಜವೂ ಬೆನ್ನೂ ಎಳೆಯುತ್ತವೆ. ಅದಕ್ಕೆ ದಿಂಬಿಗೆ ತುಂಬುವ ಫೈಬರ್ ಬಳಸಿ, ತಳದಲ್ಲಿ ಸಾಸಿವೆಯ ಪುಟ್ಟ ಚೀಲ ಸೇರಿಸುತ್ತೇನೆ. ಕನ್ನಡಿಯ ಮುಂದೆ ನಿಲ್ಲಿಸಿ, ಬಗ್ಗಿಸಿ, ಕೈ ಎತ್ತಿಸಿ ನೋಡಿ ಸಾಸಿವೆಯನ್ನು ಹೆಚ್ಚು ಕಡಿಮೆ ಮಾಡುತ್ತೇನೆ. ಒಗೆಯುವಾಗ ಆ ಚೀಲ ತೆಗೆಯಬೇಕು, ಇಲ್ಲದಿದ್ದರೆ ಮೊಳಕೆ ಬಂದೀತು ಎಂದರೆ ಎಷ್ಟೋ ತಿಂಗಳಿನಿಂದ ನಗದವರೂ ನಗುತ್ತಾರೆ.

ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡವರ ಎರಡೂ ತೋಳಿನ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಮುಂದೆ ಆ ಬದಿಯ ತೋಳು ಮಾತ್ರ ಬಿಗಿಯಾಯಿತೆಂದು ಬಂದರೆ ಹೊಲಿಗೆ ಬಿಚ್ಚಿ ಸುಮ್ಮನೆ ಕಳಿಸುವುದಿಲ್ಲ. ಅದು ಗ್ರಂಥಿ ತೆಗೆದದ್ದರಿಂದ ಬಂದ ಬಾವು ಇರಬಹುದು. ವೈದ್ಯರಿಗೆ ಬೇಗ ತೋರಿಸಿದಷ್ಟೂ ಹತೋಟಿಗೆ ತರುವುದು ಸುಲಭ.

ಅಕ್ಟೋಬರ್ ಬಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ಗುಲಾಬಿ ರಿಬ್ಬನ್ನಿನ ಜಾಥಾ ಬರುತ್ತದೆ. ಬೇಡವೆನ್ನುವುದಿಲ್ಲ, ಆದರೆ ಮೈಕಿನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪರದೆಯ ಹಿಂದೆ ಟೇಪು ಹಿಡಿದಾಗ, “ಅಕ್ಕಾ, ಇಲ್ಲೊಂದು ಗಂಟಿದೆ, ನೋವೇನೂ ಇಲ್ಲ, ಬಿಟ್ಟಿದ್ದೇನೆ” ಎನ್ನುತ್ತಾರೆ. ನೋವಿಲ್ಲ ಎಂಬ ಸಮಾಧಾನವೇ ಅಪಾಯ. ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ಚರ್ಮ ಗುಳಿ ಬೀಳುವುದು, ತೊಟ್ಟು ಒಳಗೆ ಸೇದಿಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು ಇವನ್ನೂ ಕೇಳುತ್ತೇನೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೆಂದೂ ಹೇಳುತ್ತೇನೆ, ಆದರೆ ಅದನ್ನು ತೀರ್ಮಾನಿಸುವುದು ನನ್ನ ಟೇಪಿನ ಕೆಲಸವಲ್ಲ. ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ. ಮೂವತ್ತು ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ.

ಖರ್ಚಿನ ಭಯಕ್ಕೆ ಮುಚ್ಚಿಡುವವರೇ ಹೆಚ್ಚು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಒಂದೇ ಚೀಲದಲ್ಲಿರಲಿ ಎಂದು ಮಿಕ್ಕ ಬಟ್ಟೆಯಲ್ಲಿ ಜಿಪ್ಪಿನ ಚೀಲ ಹೊಲಿದುಕೊಡುತ್ತೇನೆ. ಚಿಕಿತ್ಸೆಗೆ ಹೋಗಿಬರಲು ರೈಲಿನಲ್ಲಿ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಹೊಸ ಬ್ಲೌಸೇ ಹೊಲಿಸಬೇಕೆಂದೇನಿಲ್ಲ. ಮನೆಯಲ್ಲಿರುವ ನಾಲ್ಕು ಬ್ಲೌಸ್ ತಂದರೆ ಒಳಗೆ ಮೆತ್ತೆಗೆಂದು ಅಸ್ತರಿನ ಜೇಬು ಕೂರಿಸಿ, ಕತ್ತನ್ನು ಸ್ವಲ್ಪ ಮೇಲೇರಿಸಿ ಸಂಜೆಯೊಳಗೆ ಕೊಡುತ್ತೇನೆ.