50 ಗಂಟೆಗಳ ಲೆಕ್ಕ

ವಿಶೇಷ ಅಗತ್ಯವುಳ್ಳ ಮಕ್ಕಳ ಪೋಷಕರು ಕೂಡಿ ನಡೆಸುತ್ತಿದ್ದ ಸಣ್ಣ ಸಂಘವೊಂದಕ್ಕೆ ನಾನು ಮೊದಲು ಮಾಡಿಕೊಟ್ಟ ಲೆಕ್ಕಪತ್ರದ ವ್ಯವಸ್ಥೆ ನಾಲ್ಕು ತಿಂಗಳು ಕೂಡ ಬಾಳಲಿಲ್ಲ. ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ಕಂಪನಿಗಳ ಲೆಕ್ಕ ನೋಡಿ ಪಳಗಿದವನಿಗೆ ಮೂವತ್ತು ಸದಸ್ಯರ ಸಂಘದ ಜಮಾಖರ್ಚು ಏನು ಮಹಾ ಎಂದುಕೊಂಡು, ಎರಡು ಭಾನುವಾರ ಕುಳಿತು 11 ಹಾಳೆಗಳ ಎಕ್ಸೆಲ್ ಕಡತವೊಂದನ್ನು ಸಿದ್ಧಪಡಿಸಿದ್ದೆ. ಒಂದು ಹಾಳೆಯಲ್ಲಿ ಅಂಕಿ ತುಂಬಿದರೆ ಉಳಿದ ಹತ್ತೂ ತಾವಾಗಿಯೇ ತುಂಬಿಕೊಳ್ಳುತ್ತಿದ್ದವು. ನಾಲ್ಕನೆಯ ತಿಂಗಳು ಹೋಗಿ ನೋಡಿದಾಗ, ಸೂತ್ರಗಳಿದ್ದ ಸಾಲೊಂದು ಯಾವಾಗಲೋ ಅಳಿಸಿಹೋಗಿ ಕಡತದ ತುಂಬ ದೋಷಸೂಚನೆಗಳೇ ಕಾಣುತ್ತಿದ್ದವು. ಖಜಾಂಚಿಯವರು ತಮ್ಮ ಹಳೆಯ ನೋಟ್‌ಬುಕ್ಕಿಗೆ ಮರಳಿದ್ದರು. “ಉಚಿತವಾಗಿ ಮಾಡಿಕೊಟ್ಟವರಿಗೆ ಮತ್ತೆ ಮತ್ತೆ ಫೋನ್ ಮಾಡುವುದು ಹೇಗೆ ಎಂದು ಸುಮ್ಮನಾದೆ” ಎಂದರು. ಶುಲ್ಕ ಕೊಟ್ಟ ಕಕ್ಷಿದಾರರಾದರೆ ಮರುದಿನವೇ ಜಗಳಕ್ಕೆ ಬರುತ್ತಿದ್ದರು, ನನ್ನ ತಪ್ಪು ಆಗಲೇ ತಿಳಿಯುತ್ತಿತ್ತು. ಇವರ ಸಂಕೋಚದಿಂದಾಗಿ ಅದು ನಾಲ್ಕು ತಿಂಗಳು ಮುಚ್ಚಿಕೊಂಡಿತ್ತು.

ಎರಡನೆಯ ಸಲ ನಾನು ಕಂಪ್ಯೂಟರ್ ಒಯ್ಯಲಿಲ್ಲ. ಅವರ ನೋಟ್‌ಬುಕ್ಕನ್ನೇ ಮುಂದಿಟ್ಟುಕೊಂಡು, ಪ್ರತಿ ಸಾಲನ್ನೂ ಯಾಕೆ ಹಾಗೆ ಬರೆದಿದ್ದಾರೆಂದು ಒಂದು ಸಂಜೆಯಿಡೀ ಕೇಳುತ್ತ ಕುಳಿತೆ. ಅಂಕಿಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ತೊಡಕು ಬೇರೆ ಕಡೆ ಇತ್ತು. ಗಾಲಿಕುರ್ಚಿಗೆಂದೇ ದಾನಿಯೊಬ್ಬರು ಕೊಟ್ಟ ಹಣವೂ, ಯಾವ ಉದ್ದೇಶವನ್ನೂ ಹೇಳದೆ ಬೇರೆಯವರು ಕೊಟ್ಟ ಹಣವೂ ಒಂದೇ ಜಮಾ ಕಲಮಿನಲ್ಲಿ ಕೂಡಿಕೊಂಡಿದ್ದುದರಿಂದ, ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಗಾಲಿಕುರ್ಚಿಯ ಹಣದ ಒಂದು ಪಾಲು ಸಭಾಂಗಣದ ಬಾಡಿಗೆಗೆ ಹೋಗಿಬಿಟ್ಟಿತ್ತು. ಕಂಪನಿಯ ಲೆಕ್ಕದಲ್ಲಿ ಕೊನೆಗೆ ಕೇಳುವುದು ಲಾಭವೆಷ್ಟು ಎಂದು. ಇಂಥ ಸಂಘದ ಲೆಕ್ಕದಲ್ಲಿ ಕೇಳಬೇಕಾದದ್ದು, ಕೈಯಲ್ಲಿರುವ ಹಣದಲ್ಲಿ ಯಾವುದನ್ನು ಯಾವುದಕ್ಕೆ ಮಾತ್ರ ಖರ್ಚು ಮಾಡಬಹುದು ಎಂದು. ನನ್ನ 11 ಹಾಳೆಗಳಲ್ಲಿ ಎಲ್ಲಿಯೂ ಈ ಪ್ರಶ್ನೆಗೆ ಜಾಗವಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳಲೇಬೇಕು.

ಆದ್ದರಿಂದ ಹಳೆಯ ನಗದು ಪುಸ್ತಕವನ್ನೇ ಉಳಿಸಿಕೊಂಡು, ‘ನಿರ್ದಿಷ್ಟ ಉದ್ದೇಶ’ ಎಂಬ ಒಂದು ಕಲಮನ್ನು ಮಾತ್ರ ಸೇರಿಸಿದೆವು. ರಸೀದಿಗಳಿಗೆ ಕ್ರಮಸಂಖ್ಯೆ ಬಂತು. ರದ್ದಾದ ರಸೀದಿಯನ್ನು ಹರಿದು ಎಸೆಯದೆ ಪುಸ್ತಕದಲ್ಲೇ ಉಳಿಸುವ ರೂಢಿ ಬಂತು. ಚಿಲ್ಲರೆ ಖರ್ಚಿಗೆ ಒಂದು ನಿಗದಿತ ಮೊತ್ತವನ್ನು ಪೆಟ್ಟಿಗೆಯಲ್ಲಿಟ್ಟು, ತಿಂಗಳ ಕೊನೆಗೆ ಖರ್ಚಾದಷ್ಟನ್ನೇ ಮರಳಿ ತುಂಬುವ ಪದ್ಧತಿಯನ್ನು ತಂದೆವು. ಇದರ ಅನುಕೂಲವೆಂದರೆ, ಯಾವ ದಿನ ಪೆಟ್ಟಿಗೆ ತೆರೆದರೂ ಅದರಲ್ಲಿರುವ ನಗದು ಮತ್ತು ವೋಚರುಗಳನ್ನು ಕೂಡಿಸಿದರೆ ಅದೇ ನಿಗದಿತ ಮೊತ್ತ ಬರಬೇಕು, ಬಾರದಿದ್ದರೆ ಅಂದೇ ತಿಳಿಯುತ್ತದೆ. ಹಣ ಪಡೆಯುವವರು ಒಬ್ಬರು, ಪುಸ್ತಕ ಬರೆಯುವವರು ಇನ್ನೊಬ್ಬರು, ತಿಂಗಳಿಗೊಮ್ಮೆ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವವರು ಮತ್ತೊಬ್ಬರು ಎಂದು ಕೆಲಸ ಹಂಚುವಾಗ ಮಾತ್ರ ಸಭೆಯಲ್ಲಿ ಸ್ವಲ್ಪ ಮೌನ ಕವಿಯಿತು. ಖಜಾಂಚಿಯವರ ಮೇಲೆ ಅನುಮಾನವೇ ಎಂದು ಯಾರೋ ಕೇಳಿಯೇಬಿಟ್ಟರು. ನಾಳೆ ಯಾರಾದರೂ ಅನುಮಾನಪಟ್ಟರೆ ಅವರೊಬ್ಬರೇ ಉತ್ತರ ಕೊಡುವಂತಾಗಬಾರದು ಎಂಬುದಕ್ಕೇ ಈ ಏರ್ಪಾಡು ಎಂದು ನಾನು ವಿವರಿಸುವ ಮೊದಲೇ, ಖಜಾಂಚಿಯವರೇ ಅದನ್ನು ಬೆಂಬಲಿಸಿದರು.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ನಮ್ಮ ವೃತ್ತಿಯ ಒಂದು ಹಳೆಯ ಉಪಾಯ. ತಾಳೆ ನೋಡುವಾಗ ಬರುವ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲೋ ಎರಡು ಅಂಕಿಗಳು ಹಿಂದುಮುಂದಾಗಿರುವ ಅಥವಾ ಒಂದು ಸೊನ್ನೆ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು.

ಇಷ್ಟೆಲ್ಲ ನಡೆಯುವಾಗ ನನ್ನ ಸಮಯಕ್ಕೂ ಒಂದು ಮಿತಿ ಹಾಕಿಕೊಂಡಿದ್ದೆ. ವಕೀಲರಲ್ಲಿ ‘ಪ್ರೊ ಬೋನೊ’ ಎಂಬ ಮಾತು ಬಹಳ ಹಿಂದಿನಿಂದ ಇದೆ. ‘ಸಾರ್ವಜನಿಕ ಹಿತಕ್ಕಾಗಿ’ ಎಂಬ ಲ್ಯಾಟಿನ್ ನುಡಿಗಟ್ಟಿನ ಮೊಟಕು ರೂಪವದು. ವಕೀಲರು ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನಾದರೂ ಇಂಥ ಉಚಿತ ಸೇವೆಗೆ ಕೊಡುವುದು ಅಪೇಕ್ಷಣೀಯ ಎಂದು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮಗಳು ಹೇಳುತ್ತವೆ, ಅದು ಕಡ್ಡಾಯವಲ್ಲ. ಅಲ್ಲಿ ಕನಿಷ್ಠವಾಗಿರುವ ಆ ಸಂಖ್ಯೆಯನ್ನು ನಾನು ಗರಿಷ್ಠವಾಗಿ ತೆಗೆದುಕೊಂಡೆ. ‘ಬಿಡುವಾದಾಗ ಬರುತ್ತೇನೆ’ ಎಂಬ ಉದಾರ ಮಾತಿನಿಂದ ಸಂಘಕ್ಕೆ ಯಾವುದನ್ನೂ ಯೋಜಿಸಲಾಗುವುದಿಲ್ಲ ಎಂದು ಮೊದಲ ಸಲವೇ ಕಂಡಿದ್ದೆ. ಈ ಸಲ ಒಂದು ಪುಟದಲ್ಲಿ ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಂದು ಮುಗಿಸುತ್ತೇನೆ ಎಂಬುದನ್ನು ಬರೆದು ಎರಡೂ ಕಡೆಯವರು ಸಹಿ ಹಾಕಿದೆವು. ಕಳೆದ ಗಂಟೆಗಳನ್ನು ಪ್ರತಿ ಭೇಟಿಯ ನಂತರ ಅದೇ ಹಾಳೆಯ ಹಿಂಬದಿಯಲ್ಲಿ ಬರೆದಿಡುತ್ತಿದ್ದೆವು.

ವರ್ಷದ ಕೊನೆಗೆ, ಲೆಕ್ಕಪರಿಶೋಧನಾ ವರದಿಗೂ ನೀವೇ ಸಹಿ ಮಾಡಿಕೊಡಿ ಎಂದು ಕಾರ್ಯದರ್ಶಿಯವರು ಕೇಳಿದರು. ಆಗುವುದಿಲ್ಲ ಎಂದೆ. ನಾನೇ ಕಟ್ಟಿಕೊಟ್ಟ ವ್ಯವಸ್ಥೆಯನ್ನು ನಾನೇ ಪರಿಶೋಧಿಸಿದರೆ ನನ್ನ ತಪ್ಪು ನನಗೇ ಕಾಣದೆ ಹೋಗಬಹುದು. ಲೆಕ್ಕಪರಿಶೋಧಕನ ಸ್ವಾತಂತ್ರ್ಯಕ್ಕೆ ಇದೊಂದು ಅಪಾಯವೆಂದು ನಮ್ಮ ವೃತ್ತಿಯ ನೀತಿಸಂಹಿತೆಯೇ ಗುರುತಿಸಿದೆ. ಶುಲ್ಕ ಪಡೆಯದ ಮಾತ್ರಕ್ಕೆ ಈ ನಿಯಮ ಸಡಿಲವಾಗುವುದಿಲ್ಲ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೂ ನನ್ನ ಪರಿಚಯದ ಬೇರೊಬ್ಬ ಲೆಕ್ಕಪರಿಶೋಧಕರನ್ನು ಒಪ್ಪಿದರು. ಆ ಪರಿಶೋಧನೆಯಲ್ಲಿ ನನ್ನ ಕಣ್ಣಿಗೆ ಬೀಳದಿದ್ದ ಎರಡು ಲೋಪಗಳು ಸಿಕ್ಕವು.

ಕೊನೆಯ ಎರಡು ಭೇಟಿಗಳಲ್ಲಿ ನಾನು ಪೆನ್ನು ಮುಟ್ಟಲಿಲ್ಲ. ಮುಂದಿನ ಖಜಾಂಚಿಯಾಗಲಿದ್ದ ಯುವ ತಂದೆಯೊಬ್ಬರಿಗೆ ಹಳೆಯ ಖಜಾಂಚಿಯವರೇ ಪುಸ್ತಕ ಬರೆಯುವುದನ್ನು ಕಲಿಸಿದರು, ಕೈಪಿಡಿಯನ್ನೂ ಎರಡು ಪುಟಗಳಲ್ಲಿ ತಮ್ಮದೇ ಮಾತಿನಲ್ಲಿ ಬರೆದರು. ನಾನು ‘ಮುಂಗಡ ಹೊಂದಾಣಿಕೆ’ ಎನ್ನುತ್ತಿದ್ದುದಕ್ಕೆ ಅವರ ಕೈಪಿಡಿಯಲ್ಲಿ ‘ಮೊದಲೇ ಕೊಟ್ಟ ಹಣದ ಬಾಕಿ ಕೇಳುವುದು’ ಎಂದಿದೆ. ಹಾಳೆಯ ಹಿಂಬದಿಯ ಲೆಕ್ಕ ಅಷ್ಟು ಹೊತ್ತಿಗೆ 47 ಗಂಟೆಗಳಿಗೆ ಬಂದು ನಿಂತಿತ್ತು. ಉಳಿದ 3 ಗಂಟೆಗಳು ಸಂಘಕ್ಕೆ ಸೇರಿದವು, ಫೋನಿನಲ್ಲಿ ಕೇಳಿ ಪಡೆದುಕೊಳ್ಳಬಹುದು ಎಂದು ಬರೆದುಕೊಟ್ಟು ಬಂದೆ.

ಐದು ವಾರಗಳ ನಂತರ ಖಜಾಂಚಿಯವರ ಫೋನ್ ಬಂತು. ತಾಳೆಯಲ್ಲಿ 63ರ ವ್ಯತ್ಯಾಸ ಬರುತ್ತಿದೆ, 9ರಿಂದ ಭಾಗವೂ ಆಗುತ್ತದೆ, ಆದರೆ ತಪ್ಪು ಎಲ್ಲಿದೆಯೋ ಸಿಗುತ್ತಿಲ್ಲ ಎಂದರು. ಇಬ್ಬರೂ ಸಾಲು ಸಾಲಾಗಿ ಓದುತ್ತ ಹೋದಾಗ, 81 ಎಂದಿರಬೇಕಾದ ಕಡೆ 18 ಎಂದಿರುವುದು ಸಿಕ್ಕಿತು. “ಹತ್ತು ನಿಮಿಷ ಆಯಿತು, ಇನ್ನು 2 ಗಂಟೆ 50 ನಿಮಿಷ ಉಳಿದಿದೆ, ಬರೆದುಕೊಂಡಿದ್ದೇನೆ” ಎಂದು ಹೇಳಿ ಅವರು ಫೋನ್ ಇಟ್ಟರು.