ಮುತ್ತೋಡಿಯ ಮಬ್ಬು, ಲಕ್ಕವಳ್ಳಿಯ ಬಿಸಿಲು: ನಾನು ಟೆಲಿ ಲೆನ್ಸ್ ಆರಿಸಿಕೊಂಡದ್ದು

ಕಾಡಲ್ಲಿ ಫೋಟೋ ತೆಗೆಯೋಕೆ ಲೆನ್ಸ್ ತಗೋಬೇಕು, 600 ಎಂ.ಎಂ. ಇದ್ರೆ ಸಾಕಾ ಅಂತ ಹುಡುಗರು ಆಗಾಗ ಕೇಳುತ್ತಾರೆ. ಈ ಎಂ.ಎಂ. ಅಂಕಿ ಹೆಚ್ಚಾದಷ್ಟೂ ದೂರದ್ದು ಹತ್ತಿರ ಬಂದ ಹಾಗೆ ದೊಡ್ಡದಾಗಿ ಸಿಗುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಎಲ್ಲಿ ತೆಗೀತೀರಿ, ಎಷ್ಟು ಹೊತ್ತಿಗೆ ತೆಗೀತೀರಿ? ಈ ಪ್ರಶ್ನೆ ನನಗೆ ಹೊಳೆಯೋಕೆ ಎರಡು ವರ್ಷ ಬೇಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ7200, ಜೊತೆಗೆ 70-300 ಲೆನ್ಸ್. ಚಿಕ್ಕಮಗಳೂರಲ್ಲಿ ಇರುವವರಿಗೆ ಅದರಲ್ಲೇ ಬೇಕಾದಷ್ಟು ಕೆಲಸ ಇದೆ. ತೋಟದ ಸಿಲ್ವರ್ ಓಕ್ ಮೇಲೆ ಮಂಗಟ್ಟೆ ಕೂರುತ್ತದೆ, ಕೆರೆ ಏರಿ ಮೇಲೆ ಮಿಂಚುಳ್ಳಿ ಸಿಗುತ್ತದೆ. ಆದರೆ ಒಂದು ದಿನ ಹಳೇ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾವ ಫೋಟೋ ಎಷ್ಟು ಎಂ.ಎಂ.ನಲ್ಲಿ ತೆಗೆದಿದ್ದೇನೆ ಅಂತ ನೋಡಿದೆ. ಹತ್ತರಲ್ಲಿ ಏಳು 300ರ ತುದಿಯಲ್ಲೇ ಇದ್ದವು, ಅದೂ ಕ್ರಾಪ್ ಮಾಡಿದವು. ಉದ್ದ ಸಾಲದು ಅನ್ನೋದು ಖಾತ್ರಿಯಾಯಿತು. ನೀವೂ ಅಂಗಡಿಗೆ ಹೋಗುವ ಮುಂಚೆ ಇದೊಂದು ಲೆಕ್ಕ ಮಾಡಿ, ಖರ್ಚಿಲ್ಲದ ಕೆಲಸ.

ನಮಗೆ ಹತ್ತಿರದ ಕಾಡು ಭದ್ರಾ. ಆದರೆ ಕ್ಯಾಮೆರಾ ಹಿಡಿದವರಿಗೆ ಅದು ಒಂದು ಕಾಡಲ್ಲ, ಎರಡು. ಮುತ್ತೋಡಿ ಕಡೆ ದಟ್ಟ ಮರ, ಬೆಳಗ್ಗೆ ಆರೂವರೆಗೆ ಜೀಪ್ ಒಳಗೆ ಹೋದರೆ ಕೈರೇಖೆ ಕಾಣದಷ್ಟು ಮಬ್ಬು. ಲಕ್ಕವಳ್ಳಿ ಕಡೆ ಹಿನ್ನೀರು, ಬೋಟು, ಕಣ್ಣು ಕುಕ್ಕುವ ಬಿಸಿಲು. ಒಂದು ಕಡೆ ಗೆಲ್ಲುವ ಲೆನ್ಸ್ ಇನ್ನೊಂದು ಕಡೆ ಗೆಲ್ಲುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ಬೇರೆ ಕಂಪನಿಯ ಒಂದು 150-600 ಮತ್ತು ನಿಕಾನ್ 200-500, ಎರಡನ್ನೂ ಬಾಡಿಗೆಗೆ ತಂದು ಎರಡೂ ಕಡೆ ಓಡಾಡಿದೆ.

ಮುತ್ತೋಡಿಯಲ್ಲಿ ದಾರಿ ಪಕ್ಕದಲ್ಲೇ ಕಾಟಿ, ಅಂದರೆ ಕಾಡುಕೋಣ, ನಿಂತಿತ್ತು. ಇಪ್ಪತ್ತೈದು ಮೀಟರ್ ಇರಬಹುದು. ಕಪ್ಪು ಮೈ, ಹಿಂದೆ ಕಪ್ಪು ಪೊದೆ. 150-600ರಲ್ಲಿ ಉದ್ದದ ತುದಿಗೆ ಹೋದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್6.3. ಈ ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಜಾಸ್ತಿ. ಶಟರ್ ಸೆಕೆಂಡಿನ 250ರಲ್ಲಿ ಒಂದು ಭಾಗ ಅಂತ ಇಟ್ಟರೂ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ, ಏರಿಸಿದಷ್ಟೂ ಫೋಟೋ ಕಾಳುಕಾಳಾಗುತ್ತದೆ) 6400 ಕೇಳಿತು. ಅದಕ್ಕಿಂತ ಬೇಜಾರಾದದ್ದು ಫೋಕಸ್. ಆ ಬೆಳಕಲ್ಲಿ ಅದು ಹಿಂದೆ ಮುಂದೆ ಹುಡುಕಾಡಿ, ಗುರಿ ಸಿಗುವಷ್ಟರಲ್ಲಿ ಕಾಟಿ ತಲೆ ತಿರುಗಿಸಿಬಿಟ್ಟಿತ್ತು. ಮಾರನೇ ದಿನ 200-500. ಅದು ಎಲ್ಲಿ ಜೂಮ್ ಮಾಡಿದರೂ ಎಫ್5.6. ಎಫ್6.3ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಸ್ಟಾಪಿನ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ) ಮೂರನೇ ಒಂದು ಭಾಗ ಅಷ್ಟೇ, 6400 ಬೇಕಾದ ಕಡೆ 5000 ಸಾಕು. ಕಾಗದದ ಮೇಲೆ ಅದು ಏನೂ ಅಲ್ಲ. ಆದರೆ ನನ್ನ ಕ್ಯಾಮೆರಾಗೆ ಆ ಮಬ್ಬಿನಲ್ಲಿ ಫೋಕಸ್ ಹಿಡಿಯೋಕೆ ಅಷ್ಟು ಬೆಳಕೂ ಬೇಕಿತ್ತು. ನಿಜ ಹೇಳಬೇಕೆಂದರೆ ಮುತ್ತೋಡಿಗಷ್ಟೇ ಹೋಗುವವರಾದರೆ 500 ಕೂಡ ಬೇಡ. 300 ಎಫ್4 ಇದ್ದರೆ ಅದೇ ಫೋಟೋಗೆ ಐಎಸ್‌ಒ 2500 ಸಾಕಾಗುತ್ತಿತ್ತು. ಅಂಥದ್ದೇ ಒಂದು, ನಿಕಾನಿನ 300 ಪಿಎಫ್ ಲೆನ್ಸ್, ಬರೀ 755 ಗ್ರಾಂ. ಇನ್ನೊಂದು ಮಾತು, ವಿಆರ್ ಇದೆ ಅಂತ ಶಟರ್ ತುಂಬಾ ಇಳಿಸಬೇಡಿ. ವಿಆರ್ ನಿಮ್ಮ ಕೈ ನಡುಕ ಹಿಡಿಯುತ್ತದೆ, ಕಾಟಿ ತಲೆ ಅಲ್ಲಾಡಿಸಿದರೆ ಅದೇನೂ ಮಾಡಲ್ಲ.

ಲಕ್ಕವಳ್ಳಿಯಲ್ಲಿ ಲೆಕ್ಕವೇ ಬೇರೆ. ಬೇಸಿಗೆಯಲ್ಲಿ ಭದ್ರಾ ನೀರು ಇಳಿದಾಗ ನಡುವೆ ನೆಲ ಎದ್ದುಕೊಳ್ಳುತ್ತದೆ, ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾಲುಸಾಲಾಗಿ ಮೊಟ್ಟೆ ಇಡುತ್ತವೆ. ಹಳದಿ ಕೊಕ್ಕು, ಕರೀ ಟೋಪಿ ಹಾಕಿದ ಹಾಗೆ ತಲೆ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲು ಬಿದ್ದ ಹಾಗೆ ಕೆಳಗೆ ಬೀಳುತ್ತವೆ. ಅಲ್ಲಿ 500 ಎಂ.ಎಂ. ಅಂದರೆ ಏನು ಅಂತ ಗೊತ್ತಾಯಿತು. ನನ್ನ ಕ್ಯಾಮೆರಾದಲ್ಲಿ 30 ಮೀಟರ್ ದೂರಕ್ಕೆ 300 ಹಾಕಿದರೆ ಫ್ರೇಮಿನ ಅಗಲ ಸುಮಾರು 2.3 ಮೀಟರ್, 500 ಹಾಕಿದರೆ 1.4 ಮೀಟರ್. ರೆಕ್ಕೆ ಬಿಚ್ಚಿದ ಟರ್ನ್ ಅರ್ಧ ಫ್ರೇಮ್ ತುಂಬಿಕೊಳ್ಳುತ್ತದೆ. ಆ ಬಿಸಿಲಲ್ಲಿ ಐಎಸ್‌ಒ 400 ಇಟ್ಟರೂ ಶಟರ್ 2500ರಲ್ಲಿ ಒಂದು ಸಿಗುತ್ತದೆ. ಎಫ್6.3 ಆದರೇನು, 5.6 ಆದರೇನು? ಇಲ್ಲಿ 150-600 ಚೆನ್ನಾಗಿಯೇ ಕೆಲಸ ಮಾಡಿತು, ಅದನ್ನೂ ಹೇಳಬೇಕು.

ಬೋಟಿನಲ್ಲಿ ಟ್ರೈಪಾಡ್ ಒಯ್ಯಬೇಡಿ. ಎಂಜಿನ್ ನಡುಕ ಕಾಲಿನ ಮೂಲಕ ನೇರ ಲೆನ್ಸಿಗೆ ಹತ್ತುತ್ತದೆ. 200-500 ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಸೇರಿ 2.3 ಕೆಜಿ, ಕ್ಯಾಮೆರಾ ಸೇರಿದರೆ ಮೂರು ಕೆಜಿ. ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ಸೋಲುತ್ತದೆ. ನಾನು ಮೊಣಕೈ ಪಕ್ಕೆಗೆ ಒತ್ತಿಕೊಂಡು, ಹಕ್ಕಿ ಬಂದಾಗ ಮಾತ್ರ ಎತ್ತುತ್ತಿದ್ದೆ. ಫೋಕಸ್ ಸ್ವಿಚ್ ಆರು ಮೀಟರಿಂದ ಆಚೆಗೆ ಅನ್ನುವ ಕಡೆ ಹಾಕಿಟ್ಟರೆ ಲೆನ್ಸ್ ಸುಮ್ನೆ ಹತ್ತಿರಕ್ಕೆ ಬಂದು ಹುಡುಕುವುದು ತಪ್ಪುತ್ತದೆ. ಬೋಟ್ ಓಡಿಸುವವರು ಹೇಳಿಕೊಟ್ಟದ್ದು ಇನ್ನೂ ದೊಡ್ಡದು: "ಸಾರ್, ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡ್ಕಳಿ, ಅದು ಗಾಳಿಗೆ ಮುಖ ಕೊಟ್ಟೇ ನಿಲ್ಲೋದು." ಆಮೇಲಿಂದ ಹಕ್ಕಿ ಮುಖ ಸಿಗೋಕೆ ಶುರುವಾಯಿತು. ಬೆಳಗ್ಗೆ ಹತ್ತು ಗಂಟೆ ದಾಟಿತೆಂದರೆ ಕ್ಯಾಮೆರಾ ಒಳಗಿಡಿ. ನೀರಿನ ಮೇಲೆ ಬಿಸಿ ಗಾಳಿ ಕುಣಿಯುತ್ತದೆ, ದೂರದ್ದೆಲ್ಲ ಕದಡಿದ ಹಾಗೆ ಬರುತ್ತದೆ. ಅದಕ್ಕೆ ಯಾವ ದುಬಾರಿ ಲೆನ್ಸೂ ಮದ್ದಲ್ಲ.

ಕೊನೆಗೆ 200-500ಕ್ಕೇ ಮನಸ್ಸು ಮಾಡಿದೆ. ಹೊಸದಕ್ಕೆ ದುಡ್ಡು ಸಾಲದೆ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಮೊದಲು ಸಿಕ್ಕ ಲೆನ್ಸ್ ಹೊರಗಿಂದ ಹೊಸದರ ಹಾಗೇ ಇತ್ತು. ಹಿಂದಿನ ಮುಚ್ಚಳ ತೆಗೆದು, ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿದೆ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಯಂಥ ಬಿಳೀ ಗೆರೆಗಳು. ಫಂಗಸ್. ಮಾರುವವರು ಅದು ಧೂಳು ಅಂದರು. ಧೂಳು ಚುಕ್ಕಿಯಾಗಿರುತ್ತದೆ, ಕವಲೊಡೆಯಲ್ಲ. ಕೈಮುಗಿದು ಬಂದೆ. ಎರಡನೆಯದು ಸ್ವಚ್ಛವಾಗಿತ್ತು, 72 ಸಾವಿರ ಕೊಟ್ಟೆ. ಕೊಡುವ ಮುಂಚೆ ಗೋಡೆಗೆ ಪೇಪರ್ ಅಂಟಿಸಿ, 500ರಲ್ಲಿ ಎಫ್5.6 ಇಟ್ಟು ತೆಗೆದು, ನಾಲ್ಕೂ ಮೂಲೆಯ ಅಕ್ಷರ ದೊಡ್ಡದು ಮಾಡಿ ಓದಿದೆ.

1.4 ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ, ಉದ್ದ 1.4 ಪಟ್ಟು ಮಾಡುವ ಗಾಜು) ಹಾಕಿದರೆ 700 ಆಗುತ್ತಲ್ಲ ಅಂತ ಆಸೆ ಬರುತ್ತದೆ. ಒಂದು ಸ್ಟಾಪ್ ಬೆಳಕು ಹೋಗಿ ಎಫ್8 ಆಗುತ್ತದೆ, ಡಿ7200ರಲ್ಲಿ ಆಗ ನಡುವಿನ ಒಂದೇ ಫೋಕಸ್ ಪಾಯಿಂಟ್ ಕೆಲಸ ಮಾಡುವುದು. ಹಾರುವ ಹಕ್ಕಿಗೆ ಅದು ಆಗದ ಮಾತು. ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರಿಗೆ ಈ ಕಷ್ಟ ಇಲ್ಲ. ಅವರು ಸೋನಿ 200-600 ಅಥವಾ ನಿಕಾನ್ ಜೆಡ್ 180-600 ನೋಡಲಿ. ಎರಡರಲ್ಲೂ ಜೂಮ್ ಮಾಡಿದಾಗ ಲೆನ್ಸ್ ಮುಂದಕ್ಕೆ ಚಾಚಿಕೊಳ್ಳಲ್ಲ, ಜೀಪಿನ ಕೆಂಪು ಧೂಳಲ್ಲಿ ಅದು ದೊಡ್ಡ ಅನುಕೂಲ.

70-300 ಮಾರಲಿಲ್ಲ. ಹಾಸನದ ಕಡೆ ಹಳ್ಳಿಗಳಲ್ಲಿ ಜೋಡೆತ್ತಿನ ಗಾಡಿ ಓಟ ಇದ್ದಾಗ ಅದೇ ಬೇಕು. ಹಗ್ಗದ ಪಕ್ಕ ನಿಂತಾಗ ದೊಡ್ಡ ಲೆನ್ಸಿನ ಕನಿಷ್ಠ 200 ಅಂದರೂ ಹತ್ತಿರ ಬಂದ ಎತ್ತಿನ ಕೊಂಬು ಮಾತ್ರ ಸಿಗುತ್ತದೆ, ಗಾಡಿ ಮೇಲಿನವನ ಮುಖ ತಪ್ಪಿಹೋಗುತ್ತದೆ.

ಜೂನ್ ಬಂತೆಂದರೆ ದೊಡ್ಡ ಲೆನ್ಸ್ ಗಾಳಿಯಾಡದ ಡಬ್ಬಕ್ಕೆ ಹೋಗುತ್ತದೆ. ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಅದರಲ್ಲಿ ತೇವ ಶೇಕಡಾ 45ರ ಆಸುಪಾಸು ಇರಬೇಕು. ಹರಳಿನ ಬಣ್ಣ ತಿರುಗಿದರೆ ಅಡುಗೆಗೆ ಬಳಸದ ಹಳೇ ತವಾ ಮೇಲೆ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಲೆನ್ಸ್ ಹೊರಗೆ ತಂದು, ಅಂಗಳದ ಪೇರಲೆ ಮರಕ್ಕೆ ಬರುವ ಕುಟ್ರುಹಕ್ಕಿ ತೆಗೆಯುತ್ತಾ ಕೂರುತ್ತೇನೆ.