ಹಾಸ್ಟೆಲ್ ರೂಮಿನ ಗೋಡೆಯಲ್ಲೇ ಇದೆ ಒಳ್ಳೆಯ ನೆಟ್

ರಾತ್ರಿ ಊಟ ಮುಗಿಸಿ ಎಲ್ಲರೂ ರೂಮಿಗೆ ಬರುತ್ತಿದ್ದಂತೆ ಹಾಸ್ಟೆಲ್ ವೈಫೈ ತೆವಳತೊಡಗುತ್ತದೆ. ವೈಫೈನಲ್ಲಿ ಒಬ್ಬರು ಕಳಿಸುವಾಗ ಅದೇ ಚಾನೆಲ್‌ನ ಉಳಿದವರು ಕಾಯಬೇಕು. ನಿಮ್ಮ ಮೇಜಿನ ಪಕ್ಕದ ಗೋಡೆಯಲ್ಲಿ ಧೂಳು ಹಿಡಿದ ಲ್ಯಾನ್ ಪೋರ್ಟ್, ಅಂದರೆ ನೆಟ್ ಕೇಬಲ್ ಸಿಕ್ಕಿಸುವ ತೂತು, ಇದ್ದರೆ ಅದನ್ನು ಸುಮ್ನೆ ಬಿಡಬೇಡಿ. ಆನ್‌ಲೈನ್ ಪರೀಕ್ಷೆ, ಇಂಟರ್‌ವ್ಯೂ ಇರುವ ದಿನ ಅದರ ಬೆಲೆ ಗೊತ್ತಾಗುತ್ತದೆ.

ಮೊದಲು ಆ ಪೋರ್ಟ್ ಚಾಲೂ ಇದೆಯೇ ಎಂದು ವಾರ್ಡನ್ ಹತ್ತಿರ ಕೇಳಿ. ಪೋರ್ಟ್ ಮೇಲೆ ನಂಬರ್ ಇದ್ದರೆ ಬರೆದುಕೊಂಡು ಹೋಗಿ.

ಅಲ್ಲಿಂದ ಮೇಜಿನವರೆಗೆ ಗೋಡೆಗುಂಟ ದಾರ ಹಿಡಿದು ಅಳತೆ ಮಾಡಿ, ಅದಕ್ಕಿಂತ ಒಂದು ಮೀಟರ್ ಹೆಚ್ಚು ಉದ್ದದ ನೆಟ್ ಕೇಬಲ್ ತನ್ನಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂಬ ಬಗೆಯ ಕೇಬಲ್ ಸಾಕು. ಎರಡೂ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ (1000 ಮೆಗಾಬಿಟ್) ವೇಗ ಕೊಡುತ್ತವೆ. ಜಾಸ್ತಿ ದುಡ್ಡು ಕೊಟ್ಟು ದೊಡ್ಡ ನಂಬರಿನದು ಕೊಳ್ಳಬೇಕಿಲ್ಲ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ. ಅದಕ್ಕೆ ಯುಎಸ್‌ಬಿ ಅಡಾಪ್ಟರ್ ಬೇಕು. ಅದರ ಮೇಲೆ ‘ಗಿಗಾಬಿಟ್’ ಎಂದಿರಲಿ.

‘ಟಕ್’ ಎನ್ನುವವರೆಗೆ ಕೇಬಲ್ ಒತ್ತಿ. ಲ್ಯಾಪ್‌ಟಾಪ್ ಅಥವಾ ಅಡಾಪ್ಟರ್‌ನ ಪುಟ್ಟ ದೀಪ ಹೊತ್ತಿಕೊಂಡರೆ ಆ ಕಡೆಯಿಂದ ಉತ್ತರ ಬಂದಿದೆ ಎಂದರ್ಥ. ಹೊತ್ತದಿದ್ದರೆ ಪಕ್ಕದ ರೂಮಿನ ಗೆಳೆಯರ ಕೇಬಲ್ ಹಾಕಿ ನೋಡಿ.

ದೀಪ ಹೊತ್ತಿದರೂ ನೆಟ್ ಬರಲಿಲ್ಲವೇ? ಹಲವು ಕ್ಯಾಂಪಸ್‌ಗಳಲ್ಲಿ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಸಾಧನದ ಗುರುತಿನ ಸಂಖ್ಯೆ, ನೋಂದಾಯಿಸಬೇಕು. ಮೊದಲ ವರ್ಷ ನಾನು ಫಾರ್ಮ್‌ನಲ್ಲಿ ವೈಫೈಯ ಅಡ್ರೆಸ್ ಬರೆದುಕೊಟ್ಟು ಮೂರು ದಿನ ಒದ್ದಾಡಿದ್ದೆ. ಲ್ಯಾನ್‌ಗೆ ಬೇರೆಯದೇ ಅಡ್ರೆಸ್ ಇರುತ್ತದೆ. ಸಾಮಾನ್ಯವಾಗಿ ಅಡಾಪ್ಟರ್ ಬದಲಾದರೆ ಅದೂ ಬದಲಾಗುತ್ತದೆ. ವಿಂಡೋಸ್ 11ರಲ್ಲಿ ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಈಥರ್ನೆಟ್’ ತೆರೆಯಿರಿ. ‘ಫಿಸಿಕಲ್ ಅಡ್ರೆಸ್’ ಎಂದಿರುವುದೇ ಮ್ಯಾಕ್ ಅಡ್ರೆಸ್; ಅದರ 12 ಅಕ್ಷರ-ಅಂಕಿಗಳನ್ನು ಹಾಗೇ ಬರೆದುಕೊಡಿ.

ಅದೇ ಪುಟದಲ್ಲಿ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ವಿಳಾಸ) 169.254 ಎಂದು ಶುರುವಾಗಿದ್ದರೆ, ನೆಟ್‌ವರ್ಕ್ ನಿಮಗೆ ಅಡ್ರೆಸ್ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ. ಈ ಒಂದು ಮಾತನ್ನು ಹೇಳಿದರೆ ನೆಟ್‌ವರ್ಕ್ ವಿಭಾಗದವರಿಗೆ ಎಲ್ಲಿ ಹುಡುಕಬೇಕೆಂದು ಬೇಗ ತಿಳಿಯುತ್ತದೆ.

ರೂಮ್‌ಮೇಟ್‌ಗಳೆಲ್ಲ ಸೇರಿ ರೂಟರ್ ಹಾಕುವ ಮುಂಚೆ ಅನುಮತಿ ಕೇಳಲೇಬೇಕು. ಗೋಡೆಯ ಕೇಬಲ್ಲನ್ನು ರೂಟರಿನಲ್ಲಿ ಹೊರಗಿನ ನೆಟ್ ಒಳಬರುವ ‘ವ್ಯಾನ್’ ತೂತಿಗೇ ಹಾಕಿ. ತಪ್ಪಿ ‘ಲ್ಯಾನ್’ ತೂತಿಗೆ ಹಾಕಿದರೆ ನಿಮ್ಮ ರೂಟರ್ ಅಕ್ಕಪಕ್ಕದ ರೂಮುಗಳಿಗೂ ಅಡ್ರೆಸ್ ಹಂಚಲು ಹೊರಡಬಹುದು. ನಾಳೆ ಪರೀಕ್ಷೆ ಇರುವ ಯಾರದೋ ನೆಟ್ ನಿಮ್ಮಿಂದ ನಿಂತುಹೋದೀತು.

ಎಲ್ಲ ಸರಿಯಾದ ಮೇಲೆ ವೈಫೈ ಆಫ್ ಮಾಡಿ, ಈಥರ್ನೆಟ್ ಪುಟದ ‘ಲಿಂಕ್ ಸ್ಪೀಡ್’ ನೋಡಿ. ಗಿಗಾಬಿಟ್ ಪೋರ್ಟ್ ಎಂದು ಹೇಳಿದ್ದರೂ 1000ದ ಬದಲು 100 ತೋರಿಸಿದರೆ ಕೇಬಲ್ಲಿನ ಎಂಟು ತಂತಿಗಳಲ್ಲಿ ಯಾವುದೋ ಒಂದು ತಾಗುತ್ತಿಲ್ಲದಿರಬಹುದು. ಮಂಚದ ಕಾಲಿನ ಕೆಳಗೆ ಸಿಕ್ಕಿಕೊಂಡಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.